ಸೊಂಟಕ್ಕೆ ಕಟ್ಟಿದ ದನಿ

ಮಾರ್ಚ್ 4, ಸೋಮವಾರ

ನಾದಿನಿ ಕಳಿಸಿದ ಡಬ್ಬ ಇವತ್ತು ಬಂತು. ಅದನ್ನು ಇಸಕೊಂಡು ಬಾಗಿಲು ಹಾಕುವಷ್ಟರಲ್ಲಿ ಅವಳ ಫೋನೂ ಬಂತು.

"ಅತ್ತಿಗೆ, ಹುಷಾರಾಗಿ ಬಿಚ್ಚಿ. ಒಳ್ಳೇ ಕಂಪನಿದು. ಇನ್ಮೇಲೆ ಅಪ್ಪನಿಗೆ ಏನೂ ತೊಂದ್ರೆ ಇಲ್ಲ."

ಅಪ್ಪನಿಗೆ ತೊಂದರೆ ಇಲ್ಲ, ಸಂತೋಷ. ಅತ್ತಿಗೆಯ ಗತಿ ಏನು ಅಂತ ಬಾಯಿಮಾತಿಗಾದರೂ ಕೇಳಬಹುದಿತ್ತು. ಊಹೂಂ.

ಡಬ್ಬದಲ್ಲಿದ್ದದ್ದು ಅಂಗೈ ಅಗಲದ ಕಪ್ಪು ಸ್ಪೀಕರ್, ಅದನ್ನು ಸೊಂಟಕ್ಕೆ ಕಟ್ಟಿಕೊಳ್ಳಲು ಒಂದು ಬೆಲ್ಟು, ತಲೆಗೆ ಸಿಕ್ಕಿಸಿ ಬಾಯಿಯ ಹತ್ತಿರ ಬಗ್ಗಿಸಿಕೊಳ್ಳುವ ಒಂದು ಮೈಕು. ಪಿಸುಗುಟ್ಟಿದರೂ ಕೋಣೆಗೆಲ್ಲ ಕೇಳಿಸುತ್ತದಂತೆ. ಕತ್ತಿನ ಗಡ್ಡೆ ತೆಗೆಸಿಕೊಂಡು ಬಂದಾಗಿನಿಂದ ಮಾವನಿಗೆ ಪಿಸುಗುಟ್ಟುವುದು ಬಿಟ್ಟರೆ ಬೇರೇನೂ ಆಗುತ್ತಿಲ್ಲ. ದನಿಯ ನರಕ್ಕೆ ಏಟು ಬಿದ್ದಿದೆಯಂತೆ. "ದನಿ ವಾಪಸ್ ಬಂದ್ರೂ ಬರಬಹುದು, ಬರದೇನೂ ಇರಬಹುದು" ಅಂದರು ಡಾಕ್ಟರು, ತಡವಾದ ಬಸ್ಸಿನ ಬಗ್ಗೆ ಹೇಳಿದ ಹಾಗೆ. ಆಪರೇಷನ್ನಿಗೆ ಮೊದಲು "ಸಣ್ಣದು, ಏನೂ ಆಗಲ್ಲ" ಅಂದವರೂ ಇವರೇ.

ಅದು ಎಂಥಾ ಗಂಟಲು ಅಂತ ಅವರಿಗೇನು ಗೊತ್ತು! ತರಕಾರಿಯ ಸಗಟು ಮಾರುಕಟ್ಟೆಯಲ್ಲಿ ಹರಾಜು ಕೂಗಿಯೇ ಮುದುಕರಾದವರು ಮಾವ. ಅಂಗಳದ ಈ ತುದಿಯಲ್ಲಿ ನಿಂತು ಆಲೂಗಡ್ಡೆ ಅಂದರೆ ಆ ತುದಿಯ ಲಾರಿಯಲ್ಲಿ ಮಲಗಿದ ಕ್ಲೀನರು ಎದ್ದು ಕೂರುತ್ತಿದ್ದನಂತೆ. ಅಂಥ ಗಂಟಲಿನ ಜೊತೆ ಒಂದೇ ಸೂರಿನ ಕೆಳಗೆ ಬಾಳಿದವಳು ನಾನು. ಹೊಸದಾಗಿ ಈ ಮನೆಗೆ ಬಂದಾಗ ಒಂದು ದಿನ ಅಡುಗೆಗೆ ಉಪ್ಪು ಜಾಸ್ತಿಯಾಗಿತ್ತು. ಕಿಟಕಿ ತೆರೆದೇ ಇತ್ತು. "ಉಪ್ಪು ಒಂದು ಸಲ, ಉಪ್ಪು ಎರಡು ಸಲ, ಉಪ್ಪು ಮೂರು ಸಲ!" ಅಂತ ಹರಾಜಿನ ರಾಗದಲ್ಲೇ ಕೂಗಿದರು. ಬೀದಿಯೆಲ್ಲ ನಕ್ಕಿತು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಅವತ್ತಿನಿಂದ ಆ ದನಿಯ ಎದುರು ತುಟಿ ಬಿಚ್ಚಿದವಳಲ್ಲ. ಈಗ ಅದೇ ದನಿಯನ್ನು ರಿಪೇರಿ ಮಾಡಿ ಕೈಗೆ ಕೊಡಬೇಕಾದವಳೂ ನಾನೇ ಅಂತೆ.

ನಮ್ಮ ಯಜಮಾನರು ಲಾರಿ ಹತ್ತುತ್ತಾ ಹೇಳಿದ್ದು ಇಷ್ಟೇ: "ನೀನೇ ಸ್ವಲ್ಪ ನೋಡ್ಕೋ." ಸ್ವಲ್ಪವಂತೆ!

ಸ್ವಿಚ್ಚು ಒತ್ತಿದ ಕೂಡಲೇ ಅದು ಕೀಂ ಅಂತ ಕಿರುಚಿತು. ಮಾವ ಬೆಚ್ಚಿ ಮೈಕನ್ನು ಕಿತ್ತು ಮಂಚದ ಮೇಲೆ ಎಸೆದರು. ನಾನು ಎಸೆದಿದ್ದರೆ ಏನಾಗುತ್ತಿತ್ತು?

ಮಾರ್ಚ್ 6, ಬುಧವಾರ

ಕಿರುಚಾಟದ ಕಾರಣ ಗೊತ್ತಾಯಿತು. ಸ್ಪೀಕರಿನಿಂದ ಹೊರಟ ಸದ್ದು ಮತ್ತೆ ಮೈಕಿಗೆ ಹೋಗಿ, ಅಲ್ಲಿಂದ ಮತ್ತೆ ಸ್ಪೀಕರಿಗೆ ಬಂದು, ಸುತ್ತಿ ಸುತ್ತಿ ದೊಡ್ಡದಾಗುತ್ತದಂತೆ. ತನ್ನ ಮಾತನ್ನು ತಾನೇ ಕೇಳಿಸಿಕೊಂಡು ಇನ್ನಷ್ಟು ಜೋರಾಗುವುದು. ಇಂಥವರ ಜೊತೆಯಲ್ಲೇ ಇಷ್ಟು ವರ್ಷ ಇದ್ದವಳಿಗೆ ಇದೇನೂ ಹೊಸದಲ್ಲ.

ಬೆಲ್ಟನ್ನು ತಿರುಗಿಸಿ ಸ್ಪೀಕರನ್ನು ಮಾವನ ಬೆನ್ನ ಕಡೆ ಮಾಡಿದೆ. ವಾಲ್ಯೂಮ್ ಇಳಿಸಿದೆ. ಮೈಕನ್ನು ತುಟಿಗೆ ಇನ್ನೂ ಹತ್ತಿರ ತಂದೆ. ಕಿರುಚಾಟ ನಿಂತಿತು. ಮಾವ ಬಾಯಿ ತೆರೆದರು. ಎಷ್ಟೋ ವಾರಗಳ ಮೇಲೆ ಈ ಮನೆಯಲ್ಲಿ ಅವರ ಮಾತು ಗಟ್ಟಿಯಾಗಿ ಕೇಳಿಸಿತು. ನನಗೂ ಮೈ ಜುಮ್ಮೆಂದಿತು, ಸುಳ್ಳು ಯಾಕೆ ಹೇಳಲಿ.

ಅವರು ಹೇಳಿದ ಮೊದಲ ಮಾತು: "ಟೀ ತಣ್ಣಗಾಗಿದೆ."

ಮಾರ್ಚ್ 8, ಶುಕ್ರವಾರ

ಚಾರ್ಜಿಗೆ ಹಾಕಿಕೊಂಡೇ ಮಾತಾಡಿದರೆ ಗುಂಯ್ ಅನ್ನುತ್ತದೆ. ಮೊಬೈಲು ಹತ್ತಿರ ಇದ್ದರೆ ಟಿರಟಿರಟಿರ ಅನ್ನುತ್ತದೆ. ಬ್ಯಾಟರಿ ಇಳಿದರೆ ಮಾವ ನೀರಿನೊಳಗಿಂದ ಮಾತಾಡಿದ ಹಾಗಿರುತ್ತದೆ. ಹೊತ್ತು ಹೊತ್ತಿಗೆ ಚಾರ್ಜು ಮಾಡಿ, ಮೊಬೈಲನ್ನು ಇನ್ನೊಂದು ಕೋಣೆಯಲ್ಲಿಟ್ಟು, ಮೈಕಿನ ಸ್ಪಂಜಿಗೆ ತಾಗಿದ ಎಂಜಲು ತೊಳೆದು ಒಣಗಿಸಿ ಕೊಟ್ಟರೆ ಬರುವ ಮಾತು ಏನು? ಕಿಟಕಿ ಹಾಕು. ಕಿಟಕಿ ತೆಗಿ. ಆ ಪರದೆ ಹೊಲಿಯೋ ಮೆಷಿನ್ನು ನಿಲ್ಲಿಸು, ತಲೆ ನೋಯುತ್ತೆ.

ನಿಲ್ಲಿಸಬೇಕಂತೆ! ಪರದೆ ಅಂಗಡಿಯವರು ವಾರಕ್ಕಿಷ್ಟು ಅಂತ ಬಟ್ಟೆ ಕಳಿಸುತ್ತಾರೆ. ಅದನ್ನು ಯಾರು ಹೊಲಿಯುವುದು? ನಾನು ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ಇನ್ನೂ ಜೋರಾಗಿ ಹೊಲಿದೆ.

ಮಾರ್ಚ್ 12, ಮಂಗಳವಾರ

ಇವತ್ತು ನನ್ನ ಮೈಯೆಲ್ಲ ಉರಿದುಹೋಯಿತು.

ನಿನ್ನೆಯಿಂದ ಸ್ಪೀಕರ್ ಗರಗರ ಅನ್ನುತ್ತಿದೆ. ಮಾವ ಒಂದಕ್ಷರ ಅಂದರೆ ಅದರ ಹಿಂದೆ ಗರ್ ಅಂತ ಬಾಲ. ಕಂಪನಿಗೆ ಫೋನ್ ಮಾಡಿದೆ. "ನಿಮ್ಮ ಕರೆ ನಮಗೆ ಬಹಳ ಮುಖ್ಯ" ಅಂತ ಒಬ್ಬಳು ಹೇಳಿದಳು, ಆಮೇಲೆ ಸಂಗೀತ, ಆಮೇಲೆ ಮತ್ತೆ ಅವಳೇ. ಅಷ್ಟು ಮುಖ್ಯವಾಗಿದ್ದರೆ ಎತ್ತಬೇಕಪ್ಪ! ಒಂದು ಪರದೆಯ ಅಂಚು ಪೂರ್ತಿ ಮಡಿಸಿ ಮುಗಿಸಿದ ಮೇಲೆ ಒಬ್ಬ ಹುಡುಗ ಸಿಕ್ಕ.

"ಮೇಡಂ, ಆಫ್ ಮಾಡಿ ಆನ್ ಮಾಡಿದ್ರಾ?"

"ಮಾಡ್ದೆ."

"ಇನ್ನೊಂದ್ಸಲ ಮಾಡಿ ನೋಡಿ."

ಮಾಡಿದೆ. ಗರಗರ.

"ಸರಿ ಮೇಡಂ, ಕಂಪ್ಲೇಂಟ್ ಬರ್ಕೋತೀನಿ. ಇದು ಯಾರ ಹೆಸರಲ್ಲಿ ರಿಜಿಸ್ಟರ್ ಆಗಿದೆಯೋ ಅವರೇ ಮಾತಾಡ್ಬೇಕು. ಫೋನ್ ಅವರಿಗೆ ಕೊಡಿ."

"ಅವರಿಗೆ ದನಿ ಇಲ್ಲಪ್ಪ. ಅದಕ್ಕೇ ಈ ಮೆಷಿನ್ ತಗೊಂಡಿದ್ದು."

"ಅರ್ಥ ಆಯ್ತು ಮೇಡಂ. ಬರೀ ಅವರ ಹೆಸರು, ಹುಟ್ಟಿದ ತಾರೀಕು ಹೇಳಿದ್ರೆ ಸಾಕು."

"ಹೇಗೆ ಹೇಳ್ತಾರೆ? ದನಿ ಇಲ್ಲ ಅಂದ್ನಲ್ಲ!"

"ಆ ಮೆಷಿನ್ ಹಾಕ್ಕೊಂಡು ಹೇಳ್ಬಹುದಲ್ಲ ಮೇಡಂ?"

ಮಾವ ಅದೇ ಗರಗರದಲ್ಲಿ ಹೆಸರು ಹೇಳಿದರು. ಹುಡುಗ ಏನಂದ ಗೊತ್ತಾ? "ಸರಿಯಾಗಿ ಕೇಳಿಸ್ತಿಲ್ಲ ಮೇಡಂ, ನಿಮ್ಮ ಸ್ಪೀಕರ್‌ದು ಏನೋ ಪ್ರಾಬ್ಲಂ ಇರ್ಬೇಕು." ಅವನು ಅಷ್ಟು ಹೇಳುತ್ತಲೇ ಲೈನ್ ಕಟ್ಟಾಯಿತು.

ಫೋನ್ ಇಟ್ಟು ತಿರುಗಿದರೆ ಮಾವನ ಭುಜ ಕುಣಿಯುತ್ತಿತ್ತು. ಅಳುತ್ತಿದ್ದಾರೆ ಅಂದುಕೊಂಡೆ. ಇಲ್ಲ, ನಗುತ್ತಿದ್ದರು. ನನಗೆ ಇನ್ನೂ ಸಿಟ್ಟು ಬಂತು.

ಮಾರ್ಚ್ 14, ಗುರುವಾರ

ಮುಖ್ಯರಸ್ತೆಯ ರಿಪೇರಿ ಅಂಗಡಿಗೆ ಹೋಗಿದ್ದೆ. ಅವನು ಸ್ಪೀಕರನ್ನು ಕಿವಿಯ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸಿದ. "ಹೋಗಿದೆ, ಹೊಸದು ತಗೊಳ್ಳಿ" ಅಂದ.

"ಒಳಗೆ ಬಿಚ್ಚಿ ನೋಡೋದಿಲ್ವಾ?"

"ಇದನ್ನೆಲ್ಲ ಬಿಚ್ಚೋದಲ್ಲಮ್ಮ, ಬಿಸಾಕೋದು."

ಬಿಸಾಕುವುದಂತೆ! ಅವನ ಹಿಂದಿನ ಕಪಾಟಿನ ತುಂಬ ಯಾರ್ಯಾರದೋ ಬಿಚ್ಚಿಟ್ಟ ರೇಡಿಯೋ, ಟೇಪು. ಬಿಚ್ಚದೆ ತಾವಾಗೇ ಬಿಚ್ಚಿಕೊಂಡವಾ ಅವೆಲ್ಲ? ಹಾಗಂತ ಕೇಳಬೇಕಿತ್ತು. ಗಂಟಲ ತನಕ ಬಂತು, ಎಂದಿನ ಹಾಗೆ ಅಲ್ಲೇ ನಿಂತಿತು. ಮನೆಗೆ ಬಂದು ಇಲ್ಲಿ ಬರೆಯುತ್ತಿದ್ದೇನೆ.

ಮಾರ್ಚ್ 17, ಭಾನುವಾರ

ಮಧ್ಯಾಹ್ನ ಸೊಪ್ಪಿನಕ್ಕ ಬಂದಿದ್ದಳು. ಮಾರುಕಟ್ಟೆಯ ಗೇಟಿನ ಬಲಗಡೆ ಸೊಪ್ಪು ಮಾರುವ ಹೆಂಗಸು. ಅವಳ ಹೆಸರು ನನಗೆ ಗೊತ್ತಿಲ್ಲ, ಅವಳ ಪಕ್ಕ ಕೂರುವವರಿಗೂ ಗೊತ್ತಿದೆಯೋ ಇಲ್ಲವೋ. ಒಳಗೆ ಬಂದವಳೇ ಮಾವನ ಮಂಚದ ಪಕ್ಕ ನೆಲದ ಮೇಲೆ ಕೂತಳು.

"ಅಣ್ಣ, ನಮ್ಮನ್ನ ಗೇಟಿಂದ ಎಬ್ಬಿಸ್ತಾರಂತೆ. ಹೊಸ ಕಾರ್ಯದರ್ಶಿ ಬಂದಿದ್ದಾನೆ. ಅಲ್ಲಿ ಗಾಡಿ ನಿಲ್ಲಿಸೋಕೆ ಜಾಗ ಬೇಕಂತೆ. ನಮಗೆ ಯಾರು ಕೊಟ್ರು ಅಂತ ಕೇಳ್ತಾನೆ. ಬರೆದು ಕೊಟ್ಟದ್ದು ಏನೂ ಇಲ್ಲ. ಅವತ್ತು ಕೂಗಿ ಹೇಳಿದವನು ನೀನು. ಮೀಟಿಂಗಿನಲ್ಲಿ ಬಂದು ಒಂದು ಮಾತು ಹೇಳು."

ವಿಷಯ ಏನೆಂದರೆ, ಎಷ್ಟೋ ವರ್ಷದ ಹಿಂದೆ ಮಾರುಕಟ್ಟೆಯ ಗೋಣಿಚೀಲದ ಶೆಡ್ಡಿಗೆ ಬೆಂಕಿ ಬಿದ್ದಿತ್ತು. ಗಂಡಸರು ಲಾರಿಗಳನ್ನು ಆಚೆ ತೆಗೆಯುವುದರಲ್ಲಿದ್ದರು. ಈ ಹೆಂಗಸರೇ ಸಾಲು ನಿಂತು ತೊಟ್ಟಿಯಿಂದ ನೀರು ಸಾಗಿಸಿ ಬೆಂಕಿ ಆರಿಸಿದರಂತೆ. ಮಾರುಕಟ್ಟೆ ಸಮಿತಿಯ ಆಗಿನ ಅಧ್ಯಕ್ಷರು ಎಲ್ಲರ ಎದುರು, ಗೇಟಿನ ಬಲಗಡೆಯ ಜಾಗ ಇವರದ್ದು, ಇವರ ಮಕ್ಕಳದ್ದೂ ಅಂದರು. ಅದನ್ನು ಅಂಗಳದ ಕೊನೆಯವರೆಗೂ ಕೇಳಿಸುವ ಹಾಗೆ ಕೂಗಿ ಹೇಳಿದ್ದು ಮಾವ. ಅಧ್ಯಕ್ಷರು ತೀರಿಹೋಗಿದ್ದಾರೆ. ಈಗ ಮಾವನ ದನಿಯೂ ಇಲ್ಲ.

ಮಾವ ಸ್ಪೀಕರ್ ಹಾಕಿಕೊಂಡು "ಬರ್ತೀನಿ" ಅಂದರು. ಗರ್ ಅಂತ ಬಂತು. ಸೊಪ್ಪಿನಕ್ಕ ನನ್ನ ಮುಖ ನೋಡಿದಳು.

"ಬರ್ತಾರಂತೆ" ಅಂದೆ.

ಅವಳು ಮಾವನ ಪಾದ ಒಂದು ಸಲ ಒತ್ತಿ ಎದ್ದು ಹೋದಳು. ಮೀಟಿಂಗು ಮುಂದಿನ ತಿಂಗಳ ಮೊದಲ ಶುಕ್ರವಾರ. ಇವರಿಗೆ ಫೋನಿನಲ್ಲಿ ಹೇಳಿದರೆ "ಅಪ್ಪನಿಗೆ ಯಾಕೆ ಬೇಕು ಆ ರಗಳೆ, ಬೇಡ ಅಂತ ಹೇಳು" ಅಂದರು. ಇವರಿಗೆ ಹೇಳಲು ಆಗದ್ದನ್ನೆಲ್ಲ ನಾನು ಹೇಳಬೇಕು.

ಮಾರ್ಚ್ 20, ಬುಧವಾರ

ನಾನೇ ಬಿಚ್ಚಿದೆ. ಹೊಲಿಗೆ ಮೆಷಿನ್ನಿನ ಸಣ್ಣ ಸ್ಕ್ರೂಡ್ರೈವರು ಸರಿಯಾಗಿ ಕೂತಿತು. ಮಾವ ಎದುರು ಕೂತು ಬಿಚ್ಚಿದ ಸ್ಕ್ರೂಗಳನ್ನು ಒಂದು ತಟ್ಟೆಯಲ್ಲಿ ಕಾಯುತ್ತಿದ್ದರು. ಸ್ಪೀಕರಿನ ಹಿಂದೆ ಗುಂಡಗಿನ ಅಯಸ್ಕಾಂತ, ಮುಂದೆ ಕಪ್ಪು ಕಾಗದದಂಥ ಬಟ್ಟಲು. ಆ ಬಟ್ಟಲಿನ ಮೇಲೆ ಒಂದು ಗುಂಡುಪಿನ್ನು ಅಯಸ್ಕಾಂತದ ಸೆಳೆತಕ್ಕೆ ನೆಟ್ಟಗೆ ನಿಂತಿತ್ತು. ಮಾವ ಮಾತಾಡಿದಾಗಲೆಲ್ಲ ಬಟ್ಟಲು ನಡುಗಿ ಪಿನ್ನು ಕುಣಿದು ಗರಗರ.

ಪರದೆಗೆ ಚುಚ್ಚುವ ಪಿನ್ನು. ಮಾವ ಅದನ್ನು ಬೆರಳಿನಲ್ಲಿ ಎತ್ತಿ ನನ್ನ ಕಡೆ ಹಿಡಿದು ಹುಬ್ಬು ಏರಿಸಿದರು.

ನನ್ನದೇ ಇರಬಹುದು. ಅದಕ್ಕೇನೀಗ? ಜಾಲರಿಯಲ್ಲಿ ಪಿನ್ನು ನುಗ್ಗುವಷ್ಟು ದೊಡ್ಡ ತೂತು ಯಾಕೆ ಇಟ್ಟರು ಅಂತ ಆ ಕಂಪನಿಯವರನ್ನು ಕೇಳುವವರು ಯಾರೂ ಇಲ್ಲವಾ? ಹೊಲಿಯುವವರ ಮನೆಯಲ್ಲಿ ಯಾರ ಗಂಟಲೂ ಹೋಗುವುದಿಲ್ಲವಾ? ಹಾಗಂತಲೇ ಮಾವನ ಮುಂದೆ ಹೇಳಿದೆ. ಸ್ವಲ್ಪ ಜೋರಾಗಿಯೇ ಹೇಳಿದೆನೇನೋ.

ಮಾರ್ಚ್ 23, ಶನಿವಾರ

ಗರಗರ ಹೋಗಿ ಈಗ ತುಂಡು ತುಂಡು. ಮಾತು ಬರುತ್ತದೆ, ನಿಲ್ಲುತ್ತದೆ, ಮತ್ತೆ ಬರುತ್ತದೆ. ಮೈಕಿನ ವೈರು ಸ್ಪೀಕರಿಗೆ ಚುಚ್ಚುವ ಪ್ಲಗ್ಗಿನ ಬುಡದಲ್ಲಿ ಒಳಗೇ ಮುರಿದಿದೆ. ಒಂದು ಕಡೆ ಒತ್ತಿ ಹಿಡಿದರೆ ಸರಿ, ಬಿಟ್ಟರೆ ಇಲ್ಲ. ದಪ್ಪ ದಾರ ಸುತ್ತಿ ಹೊಲಿದು ಬಿಗಿ ಮಾಡಿದೆ. ಅರ್ಧ ದಿನ ತಡೆಯುತ್ತದೆ. ಇದು ಒಳ್ಳೇ ಕಂಪನಿದು.

ಮಾರ್ಚ್ 27, ಬುಧವಾರ

ಹೊಲಿಗೆ ಮೆಷಿನ್ನನ್ನು ಮುಂದಿನ ಕೋಣೆಗೆ ತಂದು ಹಾಕಿದೆ. ಅಲ್ಲಿ ಬೆಳಕು ಚೆನ್ನಾಗಿದೆ. ಅದಕ್ಕೆ ಎಣ್ಣೆಯನ್ನೂ ಬಿಟ್ಟೆ, ವಿಪರೀತ ಸದ್ದು ಮಾಡುತ್ತಿತ್ತು.

ಮೀಟಿಂಗಿನಲ್ಲಿ ಹೇಳಬೇಕಾದ್ದನ್ನು ಮಾವ ದಿನವೂ ಒಂದು ಸಲ ಹೇಳಿ ನೋಡುತ್ತಾರೆ. ವೈರು ಕೈಕೊಟ್ಟರೆ ಸುಮ್ಮನೆ ಹಾಗೇ ಹೇಳುತ್ತಾರೆ, ನಾನು ಅಂಚು ಮಡಿಸುತ್ತಾ ಕೇಳುತ್ತೇನೆ. ಬೆಂಕಿಯ ದಿನ ಗಾಳಿ ಪೂರ್ವದಿಂದ ಬೀಸುತ್ತಿತ್ತಂತೆ. ಈರುಳ್ಳಿ ಸುಟ್ಟ ವಾಸನೆ ವಾರಗಟ್ಟಲೆ ಹೋಗಲಿಲ್ಲವಂತೆ. ಸೊಪ್ಪಿನಕ್ಕ ಆಗ ಬಸುರಿ. ಸಾಲಿನಿಂದ ಆಚೆ ಹೋಗು ಅಂದರೆ "ನೀನು ಹೋಗು" ಅಂದಳಂತೆ. ಮಾವನಿಗೆ ಹಾಗೆ ಎದುರು ಹೇಳಿದ ಮೊದಲ ಹೆಂಗಸು ಅವಳೇ ಅಂತೆ.

"ನೀವೇನು ಮಾಡಿದ್ರಿ?" ಅಂದೆ.

"ಹೋದೆ. ನೀರು ತುಂಬೋಕೆ ಹೋದೆ."

ಮಾರ್ಚ್ 31, ಭಾನುವಾರ

ಇವರು ಬಂದಿದ್ದರು. ಊಟಕ್ಕೆ ಕೂತಾಗ ಮಾವ ಲಾರಿಯ ಹಿಂದಿನ ಚಕ್ರದ ಬಗ್ಗೆ ಕೇಳಿದರು. ಇವರು ತಟ್ಟೆಯಿಂದ ತಲೆ ಎತ್ತಲೇ ಇಲ್ಲ. ನನಗೆ ರೇಗಿತು. "ಅಪ್ಪ ಕೇಳ್ತಿದ್ದಾರೆ, ಚಕ್ರ ಬದಲಾಯಿಸಿದ್ಯಾ ಅಂತ. ಉತ್ತರ ಕೊಡೋಕೆ ಏನು ಕಷ್ಟ?" ಅಂದೆ.

"ಯಾವಾಗ ಕೇಳಿದ್ರು?" ಅಂದರು ಇವರು.

ಎಲ್ಲ ಹೀಗೇ. ಕಿವಿ ಮನೆಯಲ್ಲಿ, ಗಮನ ರಸ್ತೆಯಲ್ಲಿ.

ಏಪ್ರಿಲ್ 2, ಮಂಗಳವಾರ

ಹೊಸ ಮೈಕು ತಂದೆ. ಆ ರಿಪೇರಿಯವನ ಅಂಗಡಿಯಿಂದಲೇ. "ಬಿಚ್ಚಿದ್ವಿ. ಒಳಗೆ ಒಂದು ಪಿನ್ನಿತ್ತು, ಅಷ್ಟೇ. ಮುಂದಿನ ಸಲ ಬಿಸಾಕಿ ಅನ್ನೋ ಮೊದಲು ಬಿಚ್ಚಿ ನೋಡಿ" ಅಂದೆ. ಅಂಗಡಿಯಲ್ಲಿದ್ದ ಇಬ್ಬರು ತಿರುಗಿ ನೋಡಿದರು. ನೋಡಲಿ.

ಏಪ್ರಿಲ್ 5, ಶುಕ್ರವಾರ

ಊಟಕ್ಕೂ ಕೂರದೆ ಬರೆಯುತ್ತಿದ್ದೇನೆ, ಇಲ್ಲದಿದ್ದರೆ ಈ ಸಿಟ್ಟು ಇಳಿಯುವುದಿಲ್ಲ.

ಮಾರುಕಟ್ಟೆ ಆಫೀಸಿನ ಮಹಡಿಯ ಹಾಲ್. ವೇದಿಕೆಯ ಮೇಲೆ ಕಾರ್ಯದರ್ಶಿ ಮತ್ತು ಸಮಿತಿಯವರು, ಕೆಳಗೆ ಕುರ್ಚಿಗಳಲ್ಲಿ ವ್ಯಾಪಾರಿಗಳು, ಗೋಡೆಗೆ ಒರಗಿ ಗೇಟಿನ ಹೆಂಗಸರು. ಹೇಳಿದ್ದನ್ನೆಲ್ಲ ಬರೆದುಕೊಳ್ಳಲು ಒಬ್ಬ ಗುಮಾಸ್ತ. ನಡುವೆ ಸ್ಟ್ಯಾಂಡಿನ ಮೇಲೆ ಒಂದು ಮೈಕು, ಅದರ ನೇರಕ್ಕೇ ಮುಖ ಮಾಡಿದ ಎರಡು ದೊಡ್ಡ ಸ್ಪೀಕರ್ ಪೆಟ್ಟಿಗೆ. ನೋಡಿದ ಕೂಡಲೇ ನನಗೆ ಗೊತ್ತಾಯಿತು, ಇದು ಕಿರುಚುತ್ತದೆ ಅಂತ.

ಮಾವನ ಸರದಿ ಬಂತು. ತಮ್ಮ ಸ್ಪೀಕರ್ ಕಟ್ಟಿಕೊಂಡು ನಿಂತು, ಬಾಯಿ ತೆರೆದರೋ ಇಲ್ಲವೋ, ಕೀಂ! ಎಲ್ಲರೂ ಕಿವಿ ಮುಚ್ಚಿಕೊಂಡರು. ನಾನು ಮೈಕಿನ ಆಪರೇಟರನ ಹತ್ತಿರ ಹೋಗಿ "ಆ ಪೆಟ್ಟಿಗೆ ಸ್ವಲ್ಪ ಆಚೆ ತಿರುಗಿಸಿ" ಅಂದೆ. "ಸೆಟ್ಟಿಂಗ್ ಮುಟ್ಟಬೇಡಿ" ಅಂದ. ಕಡೆಗೆ ನಾನೇ ತಿರುಗಿಸಿದೆ. ಕಿರುಚಾಟ ನಿಂತು ಗುಂಯ್ ಶುರುವಾಯಿತು. ಆ ಗುಂಯ್‌ನೊಳಗೆ ಮಾವನ ಮಾತು ಮುಳುಗಿಹೋಯಿತು. ಅವರು ಪಾಪ ನಿಲ್ಲಿಸಲೇ ಇಲ್ಲ, ಹೇಳುತ್ತಲೇ ಇದ್ದರು. ಕುತ್ತಿಗೆಯ ನರ ಉಬ್ಬಿತ್ತು. ಯಾರೋ ಹಿಂದಿನಿಂದ ಕಿಸಕ್ಕೆಂದು ನಕ್ಕರು.

ಕಾರ್ಯದರ್ಶಿ ಗಡಿಯಾರ ನೋಡಿದ. "ಏನೂ ಕೇಳಿಸ್ತಿಲ್ಲ. ಹೇಳಿಕೆ ಸ್ಪಷ್ಟ ಇಲ್ಲ ಅಂತ ಬರ್ಕೊಳ್ರಿ. ಮುಂದಿನವರು ಬನ್ನಿ."

ಹೇಳಿಕೆ ಸ್ಪಷ್ಟ ಇಲ್ಲವಂತೆ! ಗುಮಾಸ್ತ ಬರೆಯಲು ಬಗ್ಗಿದ. ಮಾವ ಸುತ್ತ ನೋಡಿದರು. ಅಷ್ಟು ದೊಡ್ಡ ಮನುಷ್ಯ ತಾನು ಕೂಗಿ ಬೆಳೆಸಿದ ಮಾರುಕಟ್ಟೆಯಲ್ಲಿ ಹಾಗೆ ನಿಂತದ್ದನ್ನು ನೋಡಿ ನನಗೆ ಏನಾಯಿತೋ. ಹೋಗಿ ಹಾಲಿನ ಮೈಕಿನ ಸ್ವಿಚ್ಚು ಆರಿಸಿದೆ. ಮಾವನ ಸೊಂಟದ ಸ್ಪೀಕರನ್ನೂ ಆರಿಸಿದೆ.

"ಬರೀಬೇಡಿ!" ಅಂದೆ. "ಅವರು ಹೇಳ್ತಾರೆ. ನಾನು ಹೇಳ್ತೀನಿ. ಕೇಳಿಸ್ಕೊಳ್ಳಿ."

ಮಾವ ನನ್ನ ಕಿವಿಯ ಹತ್ತಿರ ಬಗ್ಗಲೂ ಇಲ್ಲ, ನಿಂತಲ್ಲಿಂದಲೇ ಹೇಳಿದರು. ಒಂದೊಂದೇ ವಾಕ್ಯ. ನಾನು ಕೂಗಿದೆ. ಗಾಳಿ ಪೂರ್ವದಿಂದ ಬೀಸುತ್ತಿತ್ತು! ಗೋಣಿ ಶೆಡ್ಡು ಹತ್ತಿಕೊಂಡಿತು! ತೊಟ್ಟಿಯಿಂದ ಶೆಡ್ಡಿನ ತನಕ ಸಾಲು ನಿಂತವರು ಈ ಹೆಂಗಸರು! ಹಾಲಿನ ಕಿಟಕಿ ಗಾಜು ಅಲುಗಿತು ಅಂತ ಆಮೇಲೆ ಸೊಪ್ಪಿನಕ್ಕ ಹೇಳಿದಳು. ಅವಳ ಮಾತು ಯಾವಾಗಲೂ ಸ್ವಲ್ಪ ಜಾಸ್ತಿಯೇ.

ಕಾರ್ಯದರ್ಶಿ ಕೈ ಎತ್ತಿದ. "ಒಂದ್ನಿಮಿಷ. ನೀವು ಯಾರು?"

"ಸೊಸೆ."

"ಇದೆಲ್ಲ ಅವರೇ ಹೇಳ್ತಿದ್ದಾರೆ ಅಂತ ಏನು ಗ್ಯಾರಂಟಿ? ನಮಗೆ ಅವರ ಬಾಯಿ ಅಲ್ಲಾಡೋದು ಮಾತ್ರ ಕಾಣ್ತಿದೆ. ನೀವೇ ಕಟ್ಟಿ ಹೇಳ್ತಿದ್ರೆ?"

ನನಗೆ ತಲೆಯೇ ಕೆಟ್ಟಿತು. ಮಾವ ಮುಂದಿನ ವಾಕ್ಯ ಹೇಳಿದರು. ಅಧ್ಯಕ್ಷರು ಈ ಮಾತು ಹೇಳುವಾಗ ಅಂಗಳದಲ್ಲಿ ಜನ ಸೇರಿದ್ದರು ಅಂತ. ನಾನು ಸಿಟ್ಟಿನಲ್ಲಿ "ಇಡೀ ಊರೇ ಅಲ್ಲಿ ಸೇರಿತ್ತು! ಅಧ್ಯಕ್ಷರು ಈ ಹೆಂಗಸರಿಗೆ ಕೈಮುಗಿದು ಜಾಗ ಕೊಟ್ಟರು!" ಅಂತ ಕೂಗಿದೆ.

ಮಾವ ನನ್ನ ತೋಳು ಹಿಡಿದು ಜಗ್ಗಿದರು. ಏನೋ ಹೇಳಿದರು.

"ಏನಂತೆ?" ಅಂದ ಕಾರ್ಯದರ್ಶಿ.

ಹೇಳಲೋ ಬೇಡವೋ ಅನ್ನಿಸಿತು. ಮಾವ ಇನ್ನೊಂದು ಸಲ ಜಗ್ಗಿದರು.

"ಊರೆಲ್ಲ ಸೇರಿರಲಿಲ್ಲವಂತೆ" ಅಂದೆ. "ಅಂಗಳದಲ್ಲಿದ್ದವರು ಮಾತ್ರ ಅಂತೆ. ಅಧ್ಯಕ್ಷರು ಕೈಯನ್ನೂ ಮುಗಿಯಲಿಲ್ಲವಂತೆ, ಅವರು ಯಾರಿಗೂ ಮುಗಿಯುವ ಪೈಕಿ ಅಲ್ಲವಂತೆ. ಇದ್ದದ್ದನ್ನ ಇದ್ದ ಹಾಗೆ ಹೇಳು, ನಿನ್ನ ಮಸಾಲೆ ಬೆರೆಸಬೇಡ ಅಂತಿದ್ದಾರೆ."

ಮುಂದಿನ ಸಾಲಿನ ಹಳೇ ಈರುಳ್ಳಿ ವ್ಯಾಪಾರಿಯೊಬ್ಬರು ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದರು. "ಇದು ಅವನದ್ದೇ ಮಾತು! ಹರಾಜಿನಲ್ಲಿ ನಾನು ಒಂದು ಚೀಲ ಜಾಸ್ತಿ ಅಂದ್ರೂ ಹೀಗೇ ಎಲ್ರ ಮುಂದೆ ಮರ್ಯಾದೆ ತೆಗೀತಿದ್ದ!" ಎಲ್ಲರೂ ನಕ್ಕರು. ಆ ವ್ಯಾಪಾರಿ ನಗುತ್ತಲೇ ಎದ್ದು ನಿಂತು ಕಾರ್ಯದರ್ಶಿಗೆ ಹೇಳಿದರು: "ಸ್ವಾಮಿ, ನಾನೂ ಅವತ್ತು ಅಂಗಳದಲ್ಲಿದ್ದೆ. ಅವರು ಹೇಳ್ತಿರೋದು ನಿಜ." ಅವರ ಹಿಂದೆ ಇನ್ನೊಬ್ಬರು ಎದ್ದರು. ಆಮೇಲೆ ಇನ್ನೊಬ್ಬರು. ಇಷ್ಟು ಹೊತ್ತು ಇವರೆಲ್ಲ ಯಾರ ಅಪ್ಪಣೆಗೆ ಕಾಯುತ್ತಿದ್ದರು? ದನಿ ಇಲ್ಲದವರು ಬಂದು ಹೇಳುವ ತನಕ ದನಿ ಇರುವವರು ಕುರ್ಚಿ ಬಿಸಿ ಮಾಡುತ್ತಾ ಕೂತಿದ್ದರಲ್ಲ!

ಕಡೆಗೆ ಮಾವ ಅಧ್ಯಕ್ಷರ ಮಾತನ್ನು ಹೇಳಿದರು. ಅವತ್ತು ಕೂಗಿದ ಹಾಗೆಯೇ ಕೂಗು ಅಂದರು. ಅಂಗಳಕ್ಕೆಲ್ಲ ಕೇಳಬೇಕು ಅಂದರು. ನಾನು ಕಿಟಕಿಯ ಹತ್ತಿರ ಹೋಗಿ ಕೂಗಿದೆ. "ಗೇಟಿನ ಬಲಗಡೆ ಜಾಗ ಇವರದ್ದು! ಇವರ ಮಕ್ಕಳದ್ದು!" ಕೆಳಗೆ ಚೀಲ ಹೊರುತ್ತಿದ್ದವರು ನಿಂತು ಮೇಲೆ ನೋಡಿದರು. ಒಂದೇ ಸಲ ಕೂಗಿದ್ದಕ್ಕೆ ಮಾವ ತಲೆ ಅಲ್ಲಾಡಿಸಿದರು. ಇನ್ನೂ ಎರಡು ಸಲ ಕೂಗಿಸಿದರು.

ಸಮಿತಿಯವರು ಗುಸುಗುಸು ಮಾಡಿ "ಸದ್ಯಕ್ಕೆ ಜಾಗ ಹಾಗೇ ಇರಲಿ" ಅಂದರು. ಸದ್ಯಕ್ಕೆ ಅನ್ನುವ ಮಾತು ನನಗೆ ಹಿಡಿಸಲಿಲ್ಲ. ಗುಮಾಸ್ತನ ತಲೆಯ ಮೇಲೆ ನಿಂತು ಮಾವನ ಹೇಳಿಕೆ ಪೂರ್ತಿ ಬರೆಸಿ, ಓದಿಸಿ, ಆಮೇಲೆ ಹೊರಟೆವು. ಮೆಟ್ಟಿಲಿಳಿಯುವಾಗ ಸೊಪ್ಪಿನಕ್ಕ ನನ್ನ ಕೈ ಹಿಡಿದುಕೊಂಡು ಗೇಟಿನ ತನಕ ಬಿಡಲಿಲ್ಲ. ಅವಳ ಅಂಗೈ ಒದ್ದೆಯಾಗಿತ್ತು.

ಏಪ್ರಿಲ್ 6, ಶನಿವಾರ

ಗಂಟಲು ಕಟ್ಟಿದೆ. ಮಾವ ಬಿಸಿನೀರು ಕಾಯಿಸಿ ಲೋಟ ತಂದು ಮೆಷಿನ್ನಿನ ಪಕ್ಕ ಇಟ್ಟರು. ಉಪಾಯವನ್ನೂ ಹೇಳಿಕೊಟ್ಟರು. ಗಂಟಲಿನಿಂದ ಕೂಗಬಾರದಂತೆ, ಹೊಟ್ಟೆಯಿಂದ ಕೂಗಬೇಕಂತೆ. ಮೊದಲೇ ಹೇಳಬಾರದಿತ್ತಾ?

ಏಪ್ರಿಲ್ 14, ಭಾನುವಾರ

ನಾದಿನಿ ಬಂದು ಹೋದಳು. ಅವಳು ಬಂದಾಗಿನಿಂದ ಹೊರಡುವ ತನಕ ನನ್ನ ಪಿತ್ತ ನೆತ್ತಿಗೇರಿಯೇ ಇತ್ತು.

ಮಾವ ಅವಳನ್ನು ನೋಡಿ ಖುಷಿಯಿಂದ ಒಂದರ ಮೇಲೊಂದು ಮಾತಾಡಿದರು. ಪ್ರಯಾಣ ಹೇಗಿತ್ತು, ಮೊಣಕಾಲು ನೋವು ಹೇಗಿದೆ, ಯಾಕೆ ಇಷ್ಟು ಇಳಿದುಹೋಗಿದ್ದೀ. ಅವಳು ಒಂದಕ್ಕೂ ಉತ್ತರ ಕೊಡದೆ ಸುಮ್ಮನೆ ನಗುತ್ತಾ ಕೂತಿದ್ದಳು. ಎಷ್ಟು ಹೊತ್ತು ನೋಡಲಿ?

"ಮೊಣಕಾಲು ಹೇಗಿದೆ ಅಂತ ಕೇಳ್ತಿದ್ದಾರೆ. ಹೇಳ್ಬಾರದಾ?" ಅಂದೆ.

"ಕೇಳಿದ್ರಾ? ಯಾವಾಗ?" ಅಂದಳು. "ಅತ್ತಿಗೆ, ನಿಮಗೆ ಅದು ಹೇಗೆ ಗೊತ್ತಾಗುತ್ತೆ? ನನಗೆ ಬರೀ ಗಾಳಿ ಬಂದ ಹಾಗೆ ಅನ್ಸುತ್ತೆ."

ಗಾಳಿಯಂತೆ! ಹೆತ್ತ ಅಪ್ಪ ಎದುರಿಗೆ ಕೂತು ಮಾತಾಡಿದರೆ ಇವಳಿಗೆ ಗಾಳಿ. "ಸ್ವಲ್ಪ ಹತ್ತಿರ ಬಂದು ಕೂತ್ಕೋ, ಫೋನ್ ಕೆಳಗಿಡು" ಅಂದೆ. ಅವಳು ಆಚೀಚೆ ನೋಡಿ, "ನಾನು ಕಳಿಸಿದ ಸ್ಪೀಕರ್ ಎಲ್ಲಿ? ಕೆಟ್ಟುಹೋಯ್ತಾ? ಅದನ್ನ ಹಾಕ್ಕೊಳ್ಳೋಕೆ ಹೇಳಿ" ಅಂದಳು.

ಎಲ್ಲಿಟ್ಟಿದ್ದೆ ಅಂತ ನನಗೆ ತಕ್ಷಣ ನೆನಪಾಗಲಿಲ್ಲ. ಮಂಚದ ಕೆಳಗೆ ನೋಡಿದೆ, ಕಪಾಟಿನಲ್ಲಿ ನೋಡಿದೆ. ಕೊನೆಗೆ ಹೊಲಿಯದ ಪರದೆಗಳ ರಾಶಿಯ ಅಡಿಯಲ್ಲಿ ಸಿಕ್ಕಿತು. ಸ್ವಿಚ್ಚು ಒತ್ತಿದರೆ ದೀಪ ಹತ್ತಲಿಲ್ಲ. ಚಾರ್ಜು ಇಲ್ಲ. ಮೀಟಿಂಗಿನ ದಿನ ಬಿಚ್ಚಿಟ್ಟದ್ದು ಅಲ್ಲೇ ಉಳಿದಿರಬೇಕು.

"ನೋಡಿದ್ರಾ, ಇಷ್ಟು ಒಳ್ಳೇ ಮೆಷಿನ್ನನ್ನ ಮೂಲೆಗೆ ಹಾಕಿದ್ದೀರಿ. ಪಾಪ, ಅಪ್ಪ ಹೇಗೆ ಮಾತಾಡ್ಬೇಕು?" ಅಂದಳು ನಾದಿನಿ, ಹುಬ್ಬು ಗಂಟು ಹಾಕಿಕೊಂಡು.

ಮಾವ ಕುರ್ಚಿಯಿಂದ ಹೇಳಿದರು: "ಇವಳು ಚಿಕ್ಕಂದಿನಿಂದಲೂ ಹೀಗೇ. ಪ್ರಶ್ನೆ ಕೇಳೋಳು, ಉತ್ತರ ಬರೋಷ್ಟರಲ್ಲಿ ಬೀದಿಗೆ ಓಡಿಹೋಗಿರೋಳು."

ನನಗೆ ನಗು ತಡೆಯಲಾಗಲಿಲ್ಲ. ಮಾವನೂ ಭುಜ ಕುಣಿಸುತ್ತಾ ನಕ್ಕರು.

"ಏನು? ಏನಂದ್ರು?" ಅಂದಳು ನಾದಿನಿ, ಇಬ್ಬರ ಮುಖವನ್ನೂ ನೋಡುತ್ತಾ. "ಅತ್ತಿಗೆ, ಅಪ್ಪ ಈಗ ಏನಂದ್ರು?"

ಅವಳಿಗೆ ಏನಂತ ಹೇಳುವುದು? ಅಷ್ಟು ಸ್ಪಷ್ಟವಾಗಿ ಹೇಳಿದರಲ್ಲ.